ಎತ್ತರಿಸಿದ ಗಾಡಿ

ಶಿವರಾಜು ಕ್ಲಚ್ಚಿನಿಂದ ಕಾಲೆತ್ತಿದ ಕೂಡಲೇ ಸದಾಶಿವಯ್ಯನ ತಲೆ ಒಲ್ಲೆ, ಒಲ್ಲೆ ಎನ್ನುವ ಹಾಗೆ ಅತ್ತಿತ್ತ ಆಡಿತು.

ಅವನನ್ನು ಅವನದೇ ಪಿಕಪ್ಪಿನ ಹಿಂದೆ, ಬಾಳೆಕಂದು ಕಟ್ಟಿ ಚೆಂಡುಹೂವಿನ ಸರ ಇಳಿಬಿಟ್ಟ ಮಂಟಪದಲ್ಲಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ತಲೆಗೆ ಮದುವೆಯ ದಿನವೂ ಸುತ್ತಿರದಷ್ಟು ದೊಡ್ಡ ರುಮಾಲು. ಬೆನ್ನಿಗೆ ಹಲಗೆ ಕೊಟ್ಟು, ಎದೆಗೊಂದು ಪಂಚೆ, ಗದ್ದಕ್ಕೊಂದು ವಸ್ತ್ರ ಬಿಗಿದಿದ್ದರು. ಆದರೂ ತಲೆ ಆಡಿತು. ಒಂದು ಸಲ ಆಗಿದ್ದರೆ ತಪ್ಪನ್ನು ರಸ್ತೆಯ ಗುಂಡಿಯ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಗಾಡಿ ನಿಂತರೆ ತಲೆ ನಿಲ್ಲುತ್ತಿತ್ತು, ಗಾಡಿ ಹೊರಟರೆ ತಲೆಯೂ ಶುರುವಾಗುತ್ತಿತ್ತು. ಬದುಕಿದ್ದಾಗ ತಮ್ಮನೊಬ್ಬನಿಗಲ್ಲದೆ ಇನ್ನಾರಿಗೂ ಇಲ್ಲ ಅಂದವನಲ್ಲ ಸದಾಶಿವಯ್ಯ. ಈಗ ಇಡೀ ಬಿಳಿಗೆರೆಯ ಎದುರಿಗೆ ಖಡಾಖಂಡಿತವಾಗಿ ಬೇಡ ಅನ್ನುತ್ತಿದ್ದ.

"ಅಪ್ಪ ತಲೆ ಆಡಿಸ್ತವ್ರೆ!" ಪಕ್ಕದಲ್ಲಿ ಕೂತು ಹೆಗಲಿಗೆ ಕೈಕೊಟ್ಟಿದ್ದ ಮಗಳು ಸುನಂದಾ ಕಿರುಚಿದಳು. "ನಿಲ್ಸಿ ಶಿವರಾಜಣ್ಣ, ನಿಲ್ಸಿ!"

ಜಾಗಟೆ ನಿಂತಿತು. ಶಂಖ ಊದುತ್ತಿದ್ದವನ ಕೆನ್ನೆ ಉಬ್ಬಿದ್ದು ಉಬ್ಬಿದಂತೆಯೇ ಉಳಿಯಿತು. ಹಾಲಿನ ಡೈರಿಯ ಮುಂದೆ, ಕಾಲುವೆ ರಸ್ತೆಗೆ ತಿರುಗುವಲ್ಲಿ, ಮೆರವಣಿಗೆ ಅರ್ಧ ಬಿಸಿಲಿನಲ್ಲಿ ಅರ್ಧ ನೆರಳಿನಲ್ಲಿ ನಿಂತುಬಿಟ್ಟಿತು. ತೋಟದಲ್ಲಿ ಗುಂಡಿ ತೋಡಿದವರು ಕಾಯುತ್ತಿದ್ದರು.

ಎಲ್ಲರಿಗಿಂತ ಹಿಂದೆ, ಡೈರಿಯ ಗೋಡೆಗೆ ಒರಗಿಕೊಂಡು, ಸದಾಶಿವಯ್ಯನ ಒಡಹುಟ್ಟಿದ ತಮ್ಮ ಮರುಳಸಿದ್ದಯ್ಯ ನಿಂತಿದ್ದ. ಬಿಳಿಗೆರೆ ಗೇಟಿನಲ್ಲಿ ಅವನದೊಂದು ಗ್ಯಾರೇಜಿತ್ತು. ತಗಡಿನ ಶೆಡ್ಡು, ಒಂದು ಬೇವಿನ ಮರ, ಸುತ್ತ ಕಪ್ಪು ಮಣ್ಣು. ಸತ್ತದ್ದು ಅಣ್ಣನಾದರೂ ಅವನು ನೆಂಟರ ನೆಂಟನ ಹಾಗೆ ದೂರ ನಿಂತಿದ್ದ. ಹೆಣಕ್ಕೆ ನೀರು ಹಾಕುವಾಗ ಬಂದಿರಲಿಲ್ಲ, ಗಾಡಿಗೆ ಎತ್ತುವಾಗ ಕೈ ಹಾಕಿರಲಿಲ್ಲ. ಎಲ್ಲರ ಕಣ್ಣು ಸದಾಶಿವಯ್ಯನ ತಲೆಯ ಮೇಲಿದ್ದಾಗ ಅವನ ಕಿವಿ ಗಾಡಿಯ ಹೊಟ್ಟೆಯ ಕೆಳಗಿತ್ತು. ಹೊರಡುವಾಗ ಒಂದು ಗುದ್ದು, ಆಮೇಲೆ ಸಣ್ಣಗೆ ಎಡಬಿಡದ ನಡುಕ. ಅವನಿಗೆ ಕೇಳಿದ್ದೇ ಸಾಕಿತ್ತು.

"ಯಾಕೋ ಒಪ್ತಾ ಇಲ್ಲ ಕಣ್ರಪ್ಪ," ಎಂದರು ಶಂಕರಲಿಂಗಪ್ಪನವರು. ಊರಿನ ಹಿರಿಯರು, ಮದುವೆಯಿರಲಿ ಸಾವಿರಲಿ, ಮೊದಲ ಮಾತು ಅವರದು, ಕೊನೆಯ ಊಟವೂ ಅವರದು. "ಏನೋ ಆಸೆ ಉಳ್ಕಂಡೈತೆ. ಬರಬೇಕಾದೋರು ಯಾರೋ ಬಂದಿಲ್ಲ."

"ಎಲ್ಲಾ ಬಂದವ್ರಲ್ಲ," ಎಂದ ಗುಂಪಿನಲ್ಲೊಬ್ಬ. " ಮಗಳು ಬರ್ಲಿ ಅಂತ ಒಂದು ರಾತ್ರಿ ಕಾದಿದ್ದೂ ಆಯ್ತು."

"ಬಂದು ದೂರ ನಿಂತ್ಕಂಡ್ರೆ ಬಂದಂಗಾ?"

ಒಂದೊಂದೇ ತಲೆ ಹಿಂದಕ್ಕೆ ತಿರುಗಿತು. ಮರುಳಸಿದ್ದಯ್ಯ ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಬಾರಪ್ಪ ಸಿದ್ದಯ್ಯ," ಶಂಕರಲಿಂಗಪ್ಪನವರು ಕರೆದರು. "ಹತ್ತಿ ಅಣ್ಣನ ಕಿವಿಯಾಗೆ ತಪ್ಪಾಯ್ತು ಅಂತ ಒಂದು ಮಾತು ಹೇಳು. ನಿನ್ನೇ ಕರೀತವ್ನೆ."

"ಕರೀತಿಲ್ಲ ಬುಡಿ ಗೌಡ್ರೆ," ಎಂದ ಮರುಳಸಿದ್ದಯ್ಯ. "ಅದು ಜಾಯಿಂಟು."

"ಏನದು?"

"ಗಾಡಿ ಜಾಯಿಂಟು. ಎಂಜಿನ್ನಿಂದ ಹಿಂದ್ಗಡೆ ಚಕ್ರಕ್ಕೆ ಹೋಯ್ತದಲ್ಲ ಉದ್ದುಕ್ಕೆ ಶಾಫ್ಟು, ಅದರ ಜಾಯಿಂಟು. ಹಿಂದ್ಗಡೆ ಎತ್ತರಿಸಿದ್ರೆ ಶಾಫ್ಟು ಸೊಟ್ಟ ನಿಂತ್ಕಂತದೆ, ಜಾಯಿಂಟ್ ಒಳಗಿರೋ ಅಡ್ಡಕಬ್ಬಿಣ, ಕ್ರಾಸು, ಅದ್ನ ತಿಂದುಹಾಕ್ತದೆ, ಗಾಡಿ ನಡುಗ್ತದೆ. ಗಾಡಿ ನಡುಗಿದ್ರೆ ಮೇಲೆ ಕೂತೋರ ತಲೆ ನಡುಗ್ತದೆ. ನಾನು ಅವತ್ತೇ ಹೇಳಿದ್ದೆ."

ಹೆಣದ ಮುಂದೆ ಆಡುವ ಮಾತಲ್ಲ ಅದು. ಆಡಿದ ಮೇಲೆ ಅವನಿಗೇ ಗೊತ್ತಾಯಿತು. ಆದರೆ ಬಾಯಿಂದ ಬಿದ್ದ ಮಾತು, ಮರದಿಂದ ಬಿದ್ದ ಕಾಯಿ, ಮತ್ತೆ ಮೇಲಕ್ಕೆ ಹೋಗುವುದಿಲ್ಲ.

*

ಅವತ್ತು ಹೇಳಿದ್ದು ನಿಜ. ಅದು ಒಂದು ಮಳೆಗಾಲ. ಸದಾಶಿವಯ್ಯನ ಬದುಕೆಲ್ಲ ತೋಟದಿಂದ ತೋಟಕ್ಕೆ ಕಾಯಿ ಹೊರುವುದರಲ್ಲೇ ಕಳೆದಿತ್ತು. ತೋಟದ ಬದು ಹತ್ತಿ ಇಳಿಯುವಾಗ ಗಾಡಿಯ ಹೊಟ್ಟೆ ಮಣ್ಣಿಗೆ ಉಜ್ಜುತ್ತಿತ್ತು. ಆ ವರ್ಷ ಕೋಡಿಹಳ್ಳದ ನೀರಿನಲ್ಲಿ ಎಳನೀರಿನ ಲೋಡು ಸಿಕ್ಕಿಬಿದ್ದು, ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು. ದಡದಲ್ಲಿ ನಿಂತವರು ನಕ್ಕರು. ನಕ್ಕವರಿಗೆ ಅವನು ಏನೂ ಅನ್ನಲಿಲ್ಲ. ಮರುದಿನ ಗಾಡಿಯನ್ನು ತುಮಕೂರಿನ ಕಡೆ ಹೊಡೆದುಕೊಂಡು ಹೋದ. ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಿಗಳಿಗೆ ಇನ್ನಷ್ಟು ಪಟ್ಟಿ ಸೇರಿಸಿ, ಕೆಳಗೆ ಕಬ್ಬಿಣದ ದಿಮ್ಮಿ ಕೊಟ್ಟು, ದೊಡ್ಡ ಟಯರು ಹಾಕಿಸಿ, ಗಾಡಿಯನ್ನು ಮೊಳದೆತ್ತರ ಮೇಲೆತ್ತಿಸಿಕೊಂಡು ಬಂದ. ದಾರಿಯಲ್ಲಿ ಸಿಕ್ಕ ಪ್ರತಿ ದೇವಸ್ಥಾನಕ್ಕೂ ಹಾರ್ನ್ ಹೊಡೆದು ಗೇಟಿನಲ್ಲಿ ತಮ್ಮನ ಶೆಡ್ಡಿನ ಮುಂದೆ ನಿಲ್ಲಿಸಿದ.

"ಹತ್ತಿ ನೋಡ್ಲಾ ಸಿದ್ದ," ಎಂದ. ಮುಖ ಹುಡುಗನ ಮುಖವಾಗಿತ್ತು. "ಇಲ್ಲಿಂದ ಕೆರೆ ಏರಿ ಕಾಣ್ತದೆ ಕಣ್ಲಾ!"

ಮರುಳಸಿದ್ದಯ್ಯ ಹತ್ತಲಿಲ್ಲ. ಬಗ್ಗಿ ಕೆಳಗೆ ನೋಡಿದ. ಅಲ್ಲಿಯತನಕ ಅಣ್ಣನ ಯಾವ ಗಾಡಿಯ ಒಂದು ನಟ್ಟನ್ನೂ ಬೇರೆ ಕೈ ಮುಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಉರಿದದ್ದು ಆ ಬೇರೆ ಕೈಯ ಗುರುತನ್ನು ನೋಡಿ. ಬಾಯಲ್ಲಿ ಬಂದದ್ದು ಮಾತ್ರ ಶಾಫ್ಟಿನ ವಿಚಾರ.

"ಜಾಯಿಂಟು ಸೊಟ್ಟ ನಿಂತೈತೆ. ಒಂದಿನ ಕಿತ್ಕಂಡು ರಸ್ತೆ ಮೇಲೆ ಬೀಳ್ತದೆ. ಯಾವನೋ ಬುದ್ಧಿಗೆಟ್ಟೋನು ಮಾಡಿದ್ದು, ಬುದ್ಧಿಗೆಟ್ಟೋನು ಮಾಡಿಸ್ಕಂಡ್ ಬಂದಿದ್ದು."

ಟೀ ಅಂಗಡಿಯ ಬೆಂಚಿನ ಮೇಲಿದ್ದವರು ನಕ್ಕರು. ಕೋಡಿಹಳ್ಳದಲ್ಲಿ ನಕ್ಕವರೂ ಅವರೇ. ಸದಾಶಿವಯ್ಯನ ಮುಖದಿಂದ ಆ ಹುಡುಗ ಇಳಿದುಹೋದ.

"ಗಾಡಿ ನಂದು ಕಣ್ಲಾ. ನೀನು ರಿಪೇರಿ ಮಾಡೋನು, ಯಜಮಾನ ಅಲ್ಲ."

"ಹಂಗಾದ್ರೆ ಕೇಳು. ಇನ್ಮೇಲೆ ನಿನ್ನ ಗಾಡಿ ಅಡಿ ನಾನು ಮಲಗಿದ್ರೆ, ನಮ್ಮಪ್ಪನಿಗೆ ಹುಟ್ಟಿದೋನಲ್ಲ."

"ಮಲಗ್‌ಬೇಡ. ನನ್ನ ಹೆಣ ಹೋಗೋ ದಿನಾನೂ ಹತ್ರ ಬರ್‌ಬೇಡ."

ಅಷ್ಟಕ್ಕೇ ಮುಗಿಯಿತು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅಣ್ಣ ತಮ್ಮಂದಿರ ಮಾತು ನಿಂತರೂ ಹೆಂಗಸರ ಸಾರು ನಿಲ್ಲಲಿಲ್ಲ. ಹುರುಳಿಕಟ್ಟು ಆ ಕಡೆಯಿಂದ ಈ ಕಡೆಗೆ, ಅವರೆಕಾಳು ಈ ಕಡೆಯಿಂದ ಆ ಕಡೆಗೆ ಗೋಡೆ ಹಾರುತ್ತಲೇ ಇದ್ದವು. ಅತ್ತಿಗೆ ಮಾಡಿದ ಸಾರನ್ನು ಮರುಳಸಿದ್ದಯ್ಯ ಬೆರಳು ನೆಕ್ಕಿ ಉಣ್ಣುತ್ತಿದ್ದ, ಯಾರ ಮನೆಯದೆಂದು ಕೇಳುತ್ತಿರಲಿಲ್ಲ. ಬೆಳಿಗ್ಗೆ ಆ ಎತ್ತರದ ಗಾಡಿ ಶೆಡ್ಡಿನ ಮುಂದೆ ಹಾದುಹೋಗುವಾಗ ತಲೆ ಬಗ್ಗಿಸಿಕೊಂಡು ಸ್ಪ್ಯಾನರ್ ಹುಡುಕುತ್ತಿದ್ದ. ತಲೆ ಬಗ್ಗಿಸಿದ್ದರೂ ಕಿವಿ ಬಗ್ಗುತ್ತಿರಲಿಲ್ಲ. ಇವತ್ತು ಸದ್ದು ಬಂತೇ, ಇವತ್ತು ಬಂತೇ ಎಂದು ಕೇಳುತ್ತಲೇ ಇದ್ದ. ಸದ್ದು ಬಂದರೆ ತಾನು ಗೆದ್ದಂತೆ. ಬರಬಾರದು ಎಂದೂ ಆಸೆ.

*

ವನಜಾಕ್ಷಿ ಹೆಂಗಸರ ಗುಂಪಿನಿಂದ ಬಿಡಿಸಿಕೊಂಡು ಬಂದಳು. ಸದಾಶಿವಯ್ಯನ ಹೆಂಡತಿ. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಸತ್ತೋರ ಮುಂದೇನೂ ನಿನ್ನ ಹಟ ಗೆಲ್ಲಬೇಕಾ ಸಿದ್ದಯ್ಯ? ನಾನು ಹೇಳಿದ್ದೆ, ನಾನು ಹೇಳಿದ್ದೆ ಅಂತ ಅವರ ಕಿವೀಗೆ ಬೀಳಂಗೆ ಹೇಳ್ಬೇಕಾ?"

"ಇರೋದು ಹೇಳ್ದೆ ಅತ್ಗೆ. ಬೇಕಾರೆ ತೋರುಸ್ತೀನಿ."

"ಏನು ತೋರಿಸ್ತೀಯ?"

"ಜಾಯಿಂಟ್ ಹೋಗಿರೋದನ್ನ."

"ತೋರ್ಸು ಮತ್ತೆ," ಎಂದಳು. "ಗಾಡಿ ಅಡೀಗೆ ಹೋಗಿ ತೋರ್ಸು."

ಸುತ್ತಲಿದ್ದವರೆಲ್ಲರಿಗೂ ಆ ಆಣೆ ಗೊತ್ತಿತ್ತು. ಒಬ್ಬ, ಹೆಗಲ ಮೇಲೆ ಹೊತ್ತು ಹೋದರಾಯಿತಲ್ಲ ಎಂದ. ಕ್ರಿಯೆ ನಡೆಸಲು ಬಂದಿದ್ದ ಅಯ್ನೋರು ತಲೆ ಅಲ್ಲಾಡಿಸಿದರು. ಒಮ್ಮೆ ಏರಿಸಿದವರನ್ನು ಗುಂಡಿಯ ಬಳಿಯೇ ಇಳಿಸಬೇಕು, ನಡುದಾರಿಯಲ್ಲಿ ಇಳಿಸುವಂತಿಲ್ಲ ಎಂದರು. ಮೇಲಾಗಿ ನನ್ನ ಗಾಡಿಯಲ್ಲೇ ಕಳಿಸಿ ಎಂದು ಸದಾಶಿವಯ್ಯ ಹೆಂಡತಿಗೆ ನಗುನಗುತ್ತಲೇ ಎಷ್ಟೋ ಸಲ ಹೇಳಿದ್ದ.

ಮರುಳಸಿದ್ದಯ್ಯ ಟವೆಲ್ ಸೊಂಟಕ್ಕೆ ಸುತ್ತಿದ. ಪ್ರೀತಿಯಿಂದ ಹೋದ ಎನ್ನುವಂತಿಲ್ಲ. ತನ್ನ ಮಾತು ಸರಿಯೆಂದು ತೋರಿಸಿಕೊಳ್ಳಲು ಹೋದ. ಚಕ್ರಗಳಿಗೆ ಕಲ್ಲು ಕೊಡಿಸಿ, ಶಿವರಾಜುವಿಗೆ ಗೇರು ಬಿಡಿಸಲು ಹೇಳಿ, ಡೈರಿಯವರು ಕೊಟ್ಟ ಗೋಣಿಚೀಲ ಹಾಸಿ, ಅಣ್ಣನ ಹೆಣದ ಕೆಳಗೆ ಅಂಗಾತ ಮಲಗಿದ.

ಎತ್ತರಿಸಿದ ಗಾಡಿಯಾದ್ದರಿಂದ ಜಾಗ ಧಾರಾಳವಾಗಿತ್ತು. ಇಲ್ಲಿಂದ ಊರೆಂದರೆ ಬರೀ ಪಾದಗಳು. ಒಡೆದ ಹಿಮ್ಮಡಿ, ಹವಾಯಿ ಚಪ್ಪಲಿ, ಶಂಕರಲಿಂಗಪ್ಪನವರ ಪಾಲಿಶ್ ಮಾಡಿದ ಜೋಡು. ಅವನು ಕಾಣದಾದ ಕೂಡಲೇ ಜನ ಅವನಿಲ್ಲವೆಂದೇ ಭಾವಿಸಿ ಮಾತಾಡತೊಡಗಿದರು.

"ನಮ್ ಮರಿಗಳ್ನ ಹುಳಿಯಾರ್ ಸಂತೆಗೆ ತಗಂಡೋಗ್ತಿದ್ನಲ್ಲಪ್ಪ," ಎಂದಳು ಒಬ್ಬಳು. ದನಿಯಿಂದಲೇ ಗುರುತು ಸಿಕ್ಕಿತು, ಕುರಿಹಟ್ಟಿಯ ಕೆಂಚಕ್ಕ. "ಒಂದು ಮರಿ ಕಾಲು ಮುರೀದಂಗೆ ಇಳಿಸ್ತಿದ್ದ. ಬ್ರೇಕ್ ಹಾಕೋಕ್ ಮುಂಚೆ, ಬಿಗಿಯಾಗಿ ನಿಂತ್ಕಳ್ರೋ ಮಕ್ಕಳಾ ಅಂತ ಮರಿಗಳಿಗೇ ಹೇಳೋನು ಕಣವ್ವ."

"ಗಾಡಿಗೂ ಮಾತಾಡ್ಸೋನು. ಏರಿ ಹತ್ತುವಾಗ, ಬಾರವ್ವ ಬಾ, ಇನ್ನೊಂಚೂರು ಬಾ ಅನ್ನೋನು."

"ನಮ್ಮಮ್ಮನ್ನ ತಿಪಟೂರು ಆಸ್ಪತ್ರೆಗೆ ಸೇರಿಸ್ದೋನು ಅವನೇ. ಹಿಂದೆ ಹುಲ್ಲು ಹಾಸಿ ಮಲಗಿಸ್ಕಂಡು, ದನ ಹೊಡ್ಕಂಡು ಹೋಗಂಗೆ ಮೆತ್ತಗೆ ಹೊಡ್ದ. ಇಷ್ಟು ನಿಧಾನಕ್ಕೆ ಹೋದ್ರೆ ಹೆಂಗಪ್ಪ ಅಂದ್ರೆ, ಅಮ್ಮನಿಗೆ ನೋವಾಯ್ತದೆ ಅಂದ."

"ತಮ್ಮನ್ನ ಓದಿಸ್ದೋನೂ ಅವನೇಯ. ಓದಲಿಲ್ಲ, ಅರಸೀಕೆರೆ ಗ್ಯಾರೇಜಿಗೆ ಬುಟ್ಟ. ಈಗ ನೋಡು, ಜಾಯಿಂಟಂತೆ."

ಮರುಳಸಿದ್ದಯ್ಯ ಶಾಫ್ಟಿನ ಕಡೆ ಹೊರಳಿದ. ಕೆಲಸಕ್ಕೆ ಕೈ ಹಾಕಿದ. ಹಿಂದಿನ ಕ್ರಾಸ್ ಇರುವಲ್ಲಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ನೂಕಿದ, ಕೆಳಕ್ಕೆ ಎಳೆದ. ತಿಂದುಹೋದ ಕ್ರಾಸಾದರೆ ಹಳೇ ಹಲ್ಲಿನ ಹಾಗೆ ಲಟಕ್ ಅನ್ನಬೇಕು. ಅನ್ನಲಿಲ್ಲ. ಬೆರಳಾಡಿಸಿ ನೋಡಿದ. ಹೊಸ ಕ್ರಾಸು, ಹೊಸ ಗ್ರೀಸು. ಮೊನ್ನೆ ಮೊನ್ನೆ ಯಾರೋ ಬಿಚ್ಚಿ ಹಾಕಿದ್ದಾರೆ. ನಡುವಿನ ಬೇರಿಂಗಿನ ರಬ್ಬರು ನೋಡಿದ, ಗಟ್ಟಿಯಾಗಿತ್ತು. ಇನ್ನು ಉಳಿದದ್ದು ಶಾಫ್ಟಿನ ಸೊಟ್ಟ. ಅದೇ ತಾನೇ ಅವನ ವಾದ! ಕತ್ತು ಹೊರಳಿಸಿ ಹಿಂದಿನ ಅಚ್ಚನ್ನು ನೋಡಿದ. ಪಟ್ಟಿಗೂ ಅಚ್ಚಿಗೂ ನಡುವೆ ಓರೆಯಾಗಿ ಕಡೆದ ಕಬ್ಬಿಣದ ತುಂಡು ಕೊಟ್ಟು, ಎತ್ತರಿಸಿದರೂ ಶಾಫ್ಟು ಸೊಟ್ಟ ನಿಲ್ಲದ ಹಾಗೆ ಅಚ್ಚಿನ ಮೂತಿಯನ್ನೇ ಮೇಲಕ್ಕೆ ತಿರುಗಿಸಿದ್ದರು. ಎತ್ತರಿಸಿದವನು ಬುದ್ಧಿಗೆಟ್ಟವನಲ್ಲ. ಅವತ್ತು ಸಿಟ್ಟಿನಲ್ಲಿ ಬಗ್ಗಿದಾಗ ಇದು ಅವನ ಕಣ್ಣಿಗೆ ಬಿದ್ದಿರಲಿಲ್ಲ, ಬೀಳುವುದು ಬೇಡವಾಗಿತ್ತು.

ಹಾಗಾದರೆ ನಡುಕ ಎಲ್ಲಿಯದು?

ಶಾಫ್ಟು ಎರಡು ತುಂಡು. ಒಂದರ ಕೊಳವೆಯೊಳಗೆ ಇನ್ನೊಂದರ ಹಲ್ಲುಗಳು ಜಾರಿ ಕೂರುತ್ತವೆ. ಎರಡರ ತುದಿಗೂ ಕವೆಯ ಹಾಗೆ ಇಕ್ಕವಲಾದ ಹಿಡಿ. ಆ ಕವೆಗಳು ಎರಡೂ ಒಂದೇ ನೇರಕ್ಕೆ ನಿಲ್ಲಬೇಕು, ಜೋಡೆತ್ತಿನ ಕೊಂಬಿನ ಹಾಗೆ. ಇಲ್ಲದಿದ್ದರೆ ಶಾಫ್ಟು ತಿರುಗಿದಾಗಲೆಲ್ಲ ಗಾಡಿ ನಡುಗುತ್ತದೆ. ಇಲ್ಲಿ ಒಂದು ಕವೆ ನೆಟ್ಟಗಿತ್ತು, ಇನ್ನೊಂದು ಓರೆಯಾಗಿತ್ತು. ಬಿಚ್ಚಿದವನು ಮತ್ತೆ ಸೇರಿಸುವಾಗ ಎರಡು ಹಲ್ಲು ಆಚೆ ಕೂರಿಸಿದ್ದ. ಉಳಿದದ್ದೆಲ್ಲ ಅಚ್ಚುಕಟ್ಟು. ಲಾಕುಗಳು ಸರಿಯಾಗಿ ಕೂತಿದ್ದವು, ನಟ್ಟುಗಳು ಒರೆಸಿ ಬಿಗಿದಿದ್ದವು. ಬೇಕೂಫ ಮಾಡಿದ ಕೆಲಸವಲ್ಲ. ಬಹಳ ಆಸ್ಥೆಯಿಂದ ಮಾಡಿದ ತಪ್ಪು.

ಯಾರಿರಬಹುದೆಂದು ಅವನು ಮೊಬೈಲಿನ ಬೆಳಕು ಹಿಡಿದ. ಹಲ್ಲಿರುವ ತುಂಡಿನ ಮೇಲೆ ಬಿಳಿಯದೊಂದು ಗೀರು ಕಂಡಿತು. ಬಣ್ಣವಲ್ಲ, ಸುಣ್ಣವಲ್ಲ. ಎದುರಿನ ತುಂಡಿನಲ್ಲೂ ಅಂಥದೇ ಗೀರು ಇದ್ದಿರಬೇಕು. ಅಲ್ಲಿ ಗ್ರೀಸಿನ ಅಂಗೈ ಒರೆಸಿಹೋದ ಮಸಕು ಮಾತ್ರ ಉಳಿದಿತ್ತು. ಬೆರಳಿನಿಂದ ತೀಡಿ ಮೂಗಿನ ಹತ್ತಿರ ತಂದ.

ವಿಭೂತಿ.

*

ಅರಸೀಕೆರೆಯ ಗ್ಯಾರೇಜಿಗೆ ಸೇರಿದ ವರ್ಷ, ಹಬ್ಬಕ್ಕೆ ಊರಿಗೆ ಬಂದಾಗ, ಸಿದ್ದನ ಕಾಲು ನೆಲದ ಮೇಲಿರಲಿಲ್ಲ. ಅಣ್ಣ ಆಗಷ್ಟೇ ಯಾರೋ ಮಾರಿದ ಹಳೇ ಟೆಂಪೋ ತಂದಿದ್ದ. ಅಂಗಳದಲ್ಲಿ ಇಬ್ಬರೂ ಅದರ ಕೆಳಗೆ ನುಸುಳಿ ಶಾಫ್ಟು ಬಿಚ್ಚಲು ಕೂತರು. ಸದಾಶಿವ ಸ್ಪ್ಯಾನರ್ ಎತ್ತಿದ್ದೇ ತಡ, ಸಿದ್ದ ಅವನ ಕೈ ತಟ್ಟಿದ.

"ಬಿಚ್ಚೋಕ್ ಮುಂಚೆ ಗುರುತು!" ಎಂದ, ಗ್ಯಾರೇಜಿನ ಮೇಸ್ತ್ರಿಯ ದನಿಯಲ್ಲಿ. "ಎರಡೂ ಕಡೆ ಗುರುತು ಹಾಕ್ದೆ ಬಿಚ್ಚಿದೋನು ಮೆಕ್ಯಾನಿಕ್ಕಲ್ಲ, ಕಳ್ಳ."

"ಆಯ್ತು ಗುರುಗಳೇ," ಎಂದು ಅಣ್ಣ ಕೈಮುಗಿದ. "ಯಾವುದ್ರಲ್ಲಿ ಹಾಕ್ಲಿ? ಇದ್ದಿಲು ತರ್ಲಾ?"

"ಎಣ್ಣೆ ಮೇಲೆ ಇದ್ದಿಲು ನಿಲ್ಲಲ್ಲ. ಉಳಿ ತಗಂಡು ಕಚ್ಚು ಹೊಡಿ."

ಸದಾಶಿವ ಉಳಿ ಇಟ್ಟ, ಸುತ್ತಿಗೆ ಎತ್ತಿದ, ಹೊಡೆಯಲಿಲ್ಲ. ಮತ್ತೆ ಎತ್ತಿದ, ಮತ್ತೆ ಇಳಿಸಿದ.

"ನೀನೇ ಹೊಡಿಯಲಾ. ನಂಗೆ ಆಗಾಕಿಲ್ಲ. ನೋವಾದಂಗೆ ಆಯ್ತದೆ."

"ಕಬ್ಬಿಣಕ್ಕೆ ನೋವಾಯ್ತದಾ?" ಸಿದ್ದ ಬಿದ್ದು ಬಿದ್ದು ನಕ್ಕಿದ್ದ. ಅಣ್ಣನೂ ನಕ್ಕಿದ್ದ. ನ್ಯಾಯವಾಗಿ ಹಬ್ಬದ ದಿನ ಅಣ್ಣ ತಮ್ಮಂದಿರು ಎಣ್ಣೆಸ್ನಾನ ಮಾಡಬೇಕು. ಅವರು ಗಾಡಿಯ ಎಣ್ಣೆಯಲ್ಲೇ ಮಿಂದು, ಅವ್ವನ ಕೈಯಲ್ಲಿ ಇಬ್ಬರೂ ಸೌದೆಯ ಏಟು ತಿಂದರು.

*

"ಅತ್ಗೆ," ಗಾಡಿಯ ಕೆಳಗಿನಿಂದ ಮರುಳಸಿದ್ದಯ್ಯ ಕರೆದ.

ಹಿಂದಿನ ಚಕ್ರದ ಪಕ್ಕಕ್ಕೆ ಎರಡು ಬರಿಗಾಲು ಬಂದು ನಿಂತವು. ಕಾಲುಂಗುರ ಇನ್ನೂ ಬೆರಳಲ್ಲೇ ಇದ್ದವು.

"ಇದನ್ನ ಬಿಚ್ಚಿದ್ದು ಯಾರು?"

"ಇನ್ಯಾರು? ನಿಮ್ಮಣ್ಣನೇಯ. ಅದೇನೋ ಸದ್ದು ಬತ್ತೈತೆ ಅಂತ ಎರಡು ದಿನ ಗೋಣಿಚೀಲ ಹಾಸ್ಕಂಡು ಅಡಿಯಾಗೇ ಬಿದ್ದಿದ್ರು. ಈ ವಯಸ್ಸಿನಾಗೆ ಬೇಡ, ತಿಪಟೂರಿಗೆ ಹೊಡ್ಕಂಡ್ ಹೋಗಿ, ಯಾರಾದ್ರೂ ಮಾಡ್ಕೊಡ್ತಾರೆ ಅಂದೆ. 'ಒಂದ್ಸಲ ಬೇರೆಯೋರ ಕೈಗೆ ಕೊಟ್ಟಿದ್ದಕ್ಕೇ ತಮ್ಮನ್ನ ಕಳ್ಕಂಡಿದೀನಿ, ಇನ್ನೊಂದ್ಸಲ ಕೊಡಾಕಿಲ್ಲ' ಅಂದ್ರು."

ಮೇಲೆ ಸುನಂದಾ ಬಿಕ್ಕುವುದು ತಗಡಿನ ಮೂಲಕ ಕೇಳಿಸುತ್ತಿತ್ತು.

"ಪೂಜೆಗಿಟ್ಟಿದ್ದ ವಿಭೂತಿ ಗಟ್ಟಿ ಕಾಣ್ದೆ ಹುಡುಕಾಡ್ದೆ," ಎಂದಳು ವನಜಾಕ್ಷಿ. "ಅವರ ಜೇಬಾಗಿತ್ತು. ಯಾಕ್ರೀ ಅಂದ್ರೆ ಹೇಳಲಿಲ್ಲ." ಮತ್ತೆ ಹೇಳಿದಳು, "ಕೊನೇ ಸಂಜೆ ಎಲ್ಲಾ ಜೋಡ್ಸಿ, ಏರಿತಂಕ ಓಡ್ಸಿ ನೋಡ್ಕಂಡ್ ಬಂದ್ರು. ಕೈ ತೊಳ್ಕಂತಾ, 'ಎಲ್ಲೋ ತಪ್ಪೈತೆ ಕಣೇ, ನಂಗೆ ತಿಳೀತಿಲ್ಲ. ಬೆಳಿಗ್ಗೆ ಎದ್ದು ಸಿದ್ದನ್ನ ಕರೀತೀನಿ' ಅಂದ್ರು. ಬೈದ್ರೆ ಅಂದೆ. 'ಬೈಲಿ ಬುಡು, ಬೈಯ್ಯೋಕಾದ್ರೂ ಬತ್ತಾನಲ್ಲ' ಅಂದ್ರು."

ಬೆಳಿಗ್ಗೆ ಅವನು ಏಳಲಿಲ್ಲ. ಅದನ್ನು ಅವಳು ಹೇಳಬೇಕಾಗಿರಲಿಲ್ಲ. ಗೋಡೆಯ ಆಚೆ ಎದ್ದ ಅಳು ಮರುಳಸಿದ್ದಯ್ಯನ ಮನೆಗೂ ಕೇಳಿತ್ತು.

"ಆ ಮಾತು ಯಾಕೆ ಆಗ್ಲೇ ಹೇಳಲಿಲ್ಲ ಅತ್ಗೆ?"

"ನೀನು ಹತ್ರ ಬಂದಿದ್ರೆ ಹೇಳ್ತಿದ್ದೆ."

ಕಾಲುಗಳು ಅಲ್ಲೇ ನಿಂತಿದ್ದವು. ಮರುಳಸಿದ್ದಯ್ಯ ಮೊಬೈಲಿನ ಬೆಳಕನ್ನು ಆರಿಸಿದ. ಅಳು ಬಂತು. ಅಂಗಾತ ಮಲಗಿ ಅಳುವವನ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಿವಿಗೆ ಇಳಿಯುತ್ತದೆ. ಅವನು ಒರೆಸಿಕೊಳ್ಳಲೂ ಇಲ್ಲ. ಅವನ ಕೈ ಕೊಳೆಯಾಗಿತ್ತು.

ಶೆಡ್ಡಿನಿಂದ ಸ್ಪ್ಯಾನರ್ ತರಿಸಿದ. ಹಿಂದಿನ ನಟ್ಟುಗಳನ್ನು ಬಿಚ್ಚಿ ಶಾಫ್ಟನ್ನು ಎದೆಯ ಮೇಲೆ ಇಳಿಸಿಕೊಂಡ. ಅದರ ಭಾರ ಅವನಿಗೆ ಗೊತ್ತಿದ್ದ ಭಾರವೇ. ಇವತ್ತು ಮಾತ್ರ ಎತ್ತಲಾರದೆ ಸ್ವಲ್ಪ ಹೊತ್ತು ಹಾಗೇ ಅಪ್ಪಿಕೊಂಡು ಮಲಗಿದ. ಆಮೇಲೆ ಹಲ್ಲುಗಳನ್ನು ಹೊರಗೆಳೆದು, ಕವೆಗಳನ್ನು ಒಂದೇ ನೇರಕ್ಕೆ ತಂದು, ಮೆತ್ತಗೆ ಒಳಗೆ ನೂಕಿದ. ಅಣ್ಣನ ಗೀರು ಅಳಿಸದ ಹಾಗೆ ಬೆರಳು ದೂರ ಹಿಡಿದು ನೂಕಿದ. ನಟ್ಟು ಬಿಗಿದ.

ಮೇಲೆದ್ದು ಬಂದಾಗ ಬೆನ್ನಿನ ತುಂಬ ಡೈರಿಯ ಮುಂದಿನ ಮಣ್ಣು. ಶಂಕರಲಿಂಗಪ್ಪನವರು ಕಾದಿದ್ದರು.

"ಏನಪ್ಪ? ಗಾಡಿ ಎತ್ತರಿಸಿದ್ದಕ್ಕೇ ತಾನೇ? ನೀನು ಹೇಳ್ದಂಗೇ?"

ಊರೆಲ್ಲ ಅವನ ಬಾಯಿ ನೋಡುತ್ತಿತ್ತು. ನಾನು ಅವತ್ತೇ ಹೇಳಿದ್ದೆ ಎಂಬ ಮಾತಿಗೆ ಇಷ್ಟು ಜನ ಕೇಳುಗರು ಅವನಿಗೆ ಇನ್ನೆಂದೂ ಸಿಗುವಂತಿರಲಿಲ್ಲ.

"ಅಲ್ಲ ಗೌಡ್ರೆ," ಎಂದ.

"ಮತ್ತೆ?"

"ನೀವು ಹೇಳಿದ್ದೇ ಸರಿ. ಕರೀತಿದ್ದ."

ಹೆಂಗಸರ ಗುಂಪಿನಿಂದ ಒಂದು ನಿಟ್ಟುಸಿರು ಎದ್ದಿತು. ಶಂಕರಲಿಂಗಪ್ಪನವರು ಗೆದ್ದವರಂತೆ ಸುತ್ತ ನೋಡಿದರು. ವನಜಾಕ್ಷಿ ಮಾತ್ರ ಮೈದುನನ ಮುಖವನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅವನು ಗಾಡಿ ಹತ್ತಿದ. ಎತ್ತರಿಸಿದ ಮೇಲೆ ಮೊದಲ ಸಲ ಹತ್ತುತ್ತಿದ್ದ. ಒಂದೇ ಹೆಜ್ಜೆಗೆ ಏರಲಾಗದೆ ಶಿವರಾಜು ಕೈ ಕೊಡಬೇಕಾಯಿತು.

"ಚಿಕ್ಕಪ್ಪ, ಕೈಯೆಲ್ಲಾ ಗ್ರೀಸು," ಎಂದಳು ಸುನಂದಾ.

"ಇರ್ಲಿ ಬುಡವ್ವ. ಅವನಿಗೇನು ಹೊಸದಲ್ಲ."

ರುಮಾಲನ್ನು ಒಂದಿಷ್ಟು ಸರಿಸಿ ಅಣ್ಣನ ಕಿವಿಗೆ ಬಾಯಿ ಇಟ್ಟ. ತಪ್ಪಾಯ್ತು ಎನ್ನಬೇಕೆಂದೇ ಬಗ್ಗಿದ್ದ. ಆದರೆ ಇಷ್ಟು ಹತ್ತಿರದಿಂದ ಆ ಕಿವಿಯನ್ನು, ಅದರ ಮೇಲಿನ ಬಿಳಿಗೂದಲನ್ನು ನೋಡಿದ ಮೇಲೆ ಆ ಮಾತು ಪರರ ಮಾತಿನ ಹಾಗೆ ಕಂಡಿತು.

"ಎರಡೇ ಹಲ್ಲು ತಪ್ಪಿತ್ತು ಅಣ್ಣ," ಎಂದ. "ಬಾಕಿಯೆಲ್ಲಾ ಚೆನ್ನಾಗಿ ಮಾಡಿದ್ದೆ."

ಕೆಳಗೆ ನಿಂತವರು, ಕ್ಷಮೆ ಕೇಳಿದ, ಕ್ಷಮೆ ಕೇಳಿದ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಜಾಗಟೆ ಮತ್ತೆ ಹೊಡೆಯಿತು. ಶಿವರಾಜು ಎಂಜಿನ್ ಶುರು ಮಾಡಿದ. ಗಾಡಿ ಎಣ್ಣೆಯ ಮೇಲೆ ಜಾರಿದ ಹಾಗೆ ಹೊರಟು ಕಾಲುವೆ ರಸ್ತೆಗೆ ತಿರುಗಿತು. ಗುದ್ದಿಲ್ಲ, ಸದ್ದಿಲ್ಲ.

"ಒಪ್ಕಂಡ! ನೋಡ್ರಪ್ಪ, ಒಪ್ಕಂಡ!" ಶಂಕರಲಿಂಗಪ್ಪನವರು ಎರಡೂ ಕೈ ಎತ್ತಿ ಮುಗಿದರು. "ತಮ್ಮ ಬಂದಿದ್ದೇ ತಡ, ಹೆಂಗೆ ಕುಂತವ್ನೆ ನೋಡಿ."

ಸದಾಶಿವಯ್ಯ ಕೂತಿದ್ದ. ತಲೆ ನೆಟ್ಟಗೆ ನಿಂತಿತ್ತು. ಮರುಳಸಿದ್ದಯ್ಯ ಅವನೆದುರು ಕುಕ್ಕರಗಾಲಿನಲ್ಲಿ ಕೂತು ಆ ಗದ್ದವನ್ನೇ ನೋಡುತ್ತಿದ್ದ. ಒಂದೇ ಒಂದು ಸಲ ಆಡಲಿ ಎಂದು ಅವನ ಜೀವ ಬೇಡುತ್ತಿತ್ತು. ಒಲ್ಲೆ ಎಂದಾದರೂ ಆಡಲಿ, ನೀನು ಬೇಡ ಹೋಗು ಎಂದಾದರೂ ಆಡಲಿ. ಕೆಲಸ ಮುಗಿದ ಮೇಲೆ ನಡುಕ ಉಳಿದಿದೆಯೇ ಎಂದು ನೋಡಲು ಮೆಕ್ಯಾನಿಕ್ಕುಗಳು ಓಡುವ ಗಾಡಿಯ ತಳಕ್ಕೆ ಅಂಗೈ ಊರುತ್ತಾರೆ. ಅವನೂ ಅಭ್ಯಾಸಬಲದಿಂದ ಊರಿದ. ಏನೂ ಇರಲಿಲ್ಲ. ಕೈಯನ್ನು ತೆಗೆದು ಅಣ್ಣನ ಮಂಡಿಯ ಮೇಲಿಟ್ಟ. ಹೊಸ ಪಂಚೆಯ ಮೇಲೆ ಐದು ಬೆರಳು ಕಪ್ಪಗೆ ಮೂಡಿದವು. ಅಲ್ಲೂ ಏನೂ ಇರಲಿಲ್ಲ. ಇನ್ನಷ್ಟು ಒತ್ತಿ, ಉಸಿರು ಹಿಡಿದು, ಕಣ್ಣು ಮುಚ್ಚಿಕೊಂಡು ನೋಡಿದ.